ಸೊರಬ, ಶಿಕಾರಿಪುರದ ವೀರಗಲ್ಲು ಮತ್ತು ನಿಸಿದಿಗಲ್ಲುಗಳು

ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ಸತ್ತವರ ನೆನಪಿನ ಕಲ್ಲಿಲ್ಲದ ಹಳೆಯ ಊರು ಅಪರೂಪ. ಕೆರೆ ಏರಿಯ ಮೇಲೆ, ಈಶ್ವರನ ಗುಡಿಯ ಹಿಂದೆ, ಗದ್ದೆಯ ಬದುವಿನಲ್ಲಿ, ಬಸದಿಯ ಅಂಗಳದಲ್ಲಿ, ಒಮ್ಮೊಮ್ಮೆ ಕಾಡಿನ ನಡುವೆ ಒಂಟಿಯಾಗಿ ಅವು ನಿಂತಿವೆ. ಕಾದಿ ಸತ್ತವನಿಗೆ ವೀರಗಲ್ಲು, ಗಂಡನೊಡನೆ ಸಹಗಮನ ಮಾಡಿದವಳಿಗೆ ಮಾಸ್ತಿಗಲ್ಲು, ಸಲ್ಲೇಖನ ವ್ರತ ಹಿಡಿದು ಉಪವಾಸದಿಂದ ದೇಹ ಬಿಟ್ಟ ಜೈನರಿಗೆ ನಿಸಿದಿಗಲ್ಲು.

ಇಷ್ಟೊಂದು ಕಲ್ಲುಗಳು ಇಲ್ಲೇ ಏಕೆ ಎಂಬುದಕ್ಕೆ ಉತ್ತರ ಈ ಸೀಮೆಯ ಚರಿತ್ರೆಯಲ್ಲಿದೆ. ಬನವಾಸಿ ಹನ್ನೆರಡು ಸಾವಿರವೆಂಬ ಹಳೆಯ ಪ್ರಾಂತ್ಯದ ನಾಗರಖಂಡ, ಜಿಡ್ಡುಳಿಗೆ, ಎಡೆನಾಡುಗಳು ಹರಡಿದ್ದುದು ಇಲ್ಲೇ. ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ಸೇವುಣರು, ಹಾನಗಲ್ಲಿನ ಕದಂಬರು ಒಬ್ಬರಾದ ಮೇಲೊಬ್ಬರು ಕೈ ಹಾಕಿದ ನೆಲವಿದು. ಹುಲ್ಲು ನೀರು ಹೇರಳವಾಗಿದ್ದ ಕಡೆ ದನಗಳೂ ಹೇರಳ, ದನಗಳಿದ್ದ ಕಡೆ ತುರುಗೋಳ್, ಅಂದರೆ ದನ ಸೆಳೆಯುವ ದಾಳಿ. ಹಾಗಾಗಿ ವೀರಗಲ್ಲುಗಳ ಸಾವುಗಳಲ್ಲಿ ಎಷ್ಟೋ ಸಾಮ್ರಾಜ್ಯದ ಯುದ್ಧದವಲ್ಲ. ಊರ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿದವರವು, ಊರಿಗೆ ನುಗ್ಗಿದ ಕಳ್ಳರನ್ನು ತಡೆದವರವು. ಅರಸರ ಚರಿತ್ರೆಯಲ್ಲಿ ಹೆಸರಿಲ್ಲದ ಒಕ್ಕಲು ಮಕ್ಕಳ ಹೆಸರುಗಳು ಇಂಥ ಕಲ್ಲುಗಳಲ್ಲಿ ಉಳಿದಿವೆ. ದೊಡ್ಡ ಕಾಳಗಗಳೂ ಇಲ್ಲದಿಲ್ಲ: ವಿಜಯನಗರದ ಕಾಲದಲ್ಲಿ ಕೊಂಕಣಿಗರೊಡನೆ ಕಾದಿ ಮಡಿದ ಉದ್ಧರೆಯ ಬೈಚಪ್ಪನ ಶಾಸನ ಸೊರಬ ತಾಲ್ಲೂಕಿನ ಉದ್ರಿಯಲ್ಲಿದೆ (ಹಳೆಯ ಉದ್ಧರೆ ಇದೇ).

ವೀರಗಲ್ಲಿನ ರೂಪ ಹೆಚ್ಚುಕಡಿಮೆ ಒಂದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕುಳಿತ ಅವನೇ. ಶಾಸನವಿದ್ದರೆ ಪಟ್ಟಿಕೆಗಳ ನಡುವಿನ ಅಂಚಿನಲ್ಲಿರುತ್ತದೆ. ಮಾಸ್ತಿಗಲ್ಲನ್ನು ಬಳೆ ತೊಟ್ಟು ಮೇಲಕ್ಕೆತ್ತಿದ ತೋಳಿನಿಂದ ದೂರದಿಂದಲೇ ಗುರುತಿಸಬಹುದು.

ನಿಸಿದಿಗಲ್ಲಿನಲ್ಲಿ ಗದ್ದಲವಿಲ್ಲ. ಮೇಲೆ ಜಿನ, ಕೆಳಗೆ ಠವಣೆಕೋಲಿನ ಮೇಲೆ ಗ್ರಂಥವಿಟ್ಟು ಬೋಧಿಸುವ ಗುರು, ಎದುರಿಗೆ ಕೈಮುಗಿದು ಕುಳಿತ ವ್ರತಿ. ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ ಇಂಥ ಕಲ್ಲುಗಳು ಒಂದೆಡೆ ಗುಂಪುಗೂಡಿವೆ. 13ನೆಯ ಶತಮಾನದ ಕೊನೆಯಿಂದ 15ನೆಯ ಶತಮಾನದ ಮೊದಲ ಭಾಗದವರೆಗೆ ಆವಲಿಯ ಗೌಡ ಮನೆತನದವರು, ಅವರ ಹೆಂಡಿರು, ಮಕ್ಕಳು ಸಮಾಧಿಮರಣ ಹೊಂದಿದ ದಾಖಲೆ ಅಲ್ಲಿದೆ. ಜೈನ ಗುರು ರಾಮಚಂದ್ರ ಮಲಧಾರಿಯ ಶಿಷ್ಯ ಮಾಲಗೌಡ ಹಾಗೆ ಸತ್ತಾಗ ಹೆಂಡತಿ ಚೆನ್ನಕ್ಕ ಸಹಗಮನ ಮಾಡಿದಳೆಂದು ಒಂದು ಶಾಸನ ಹೇಳುತ್ತದೆ. ಜೈನ ವ್ರತವೂ ಚಿತೆಯೂ ಒಂದೇ ಮನೆಯೊಳಗೆ ಬಂದುದು ಪಠ್ಯಪುಸ್ತಕದ ವಿಂಗಡಣೆಗೆ ಒಗ್ಗುವ ಸಂಗತಿಯಲ್ಲ.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ ಇನ್ನೂ ಹಳೆಯದು. 10ನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡದ ನಾಳ್ಗಾವುಂಡ (ನಾಡಿನ ಗೌಡ) ನಾಗಾರ್ಜುನ ಸತ್ತಾಗ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಎಪ್ಪತ್ತು ಹಳ್ಳಿಗಳನ್ನು ಸಮರ್ಥವಾಗಿ ಆಳಿದ ಆಕೆ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನದಿಂದ ದೇಹ ಬಿಟ್ಟಳು. ಕರ್ನಾಟಕದ ಹೆಣ್ಣುಮಕ್ಕಳ ಚರಿತ್ರೆ ಬರೆಯುವವರು ಇಲ್ಲಿಂದಲೇ ಶುರುಮಾಡಬಹುದು.

ಈ ಕಲ್ಲುಗಳು ಸ್ಮಶಾನದ ಗೋರಿಕಲ್ಲುಗಳಂತಲ್ಲ. ಪ್ಯಾರಿಸ್ಸಿನಲ್ಲಿ 1804ರಲ್ಲಿ ತೆರೆದ ಪೆರ್ ಲಾಷೇಸ್ ಉದ್ಯಾನ ಸ್ಮಶಾನದ ಮಾದರಿಯಲ್ಲಿ ಯುರೋಪಿನ ನಗರಗಳು ಸತ್ತವರಿಗೆಂದು ಊರ ಹೊರಗೆ ಗೋಡೆ ಕಟ್ಟಿ, ಮರ ನೆಟ್ಟು, ದಾರಿ ಹಾಕಿದವು. ಸೊರಬ ಸೀಮೆಯಲ್ಲಿ ಗೋಡೆ ಇರಲಿಲ್ಲ. ಅಲ್ಲಿಯ ಕಲ್ಲು ಹೆಣದ ಗುರುತು, ಇಲ್ಲಿಯದು ಸಾವಿನ ಗುರುತು. ವೀರಗಲ್ಲಿನ ಬುಡದಲ್ಲಿ ಸಾಮಾನ್ಯವಾಗಿ ಏನೂ ಹೂತಿರುವುದಿಲ್ಲ. ಮುಂದೆ ನಿಧಿಗಳ್ಳರಿಂದ ಬಂದ ಕೇಡಿಗೆ ಈ ಸಂಗತಿ ಅವರಿಗೆ ತಿಳಿಯದೆ ಇದ್ದುದೂ ಒಂದು ಕಾರಣ.

ಈ ಸೀಮೆಯ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ. ಎಲ್. ರೈಸ್ ಅವರ ಸಿಬ್ಬಂದಿ ಹಳ್ಳಿಹಳ್ಳಿ ಸುತ್ತಿ, ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆದರು. ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ, 8ನೆಯದರಲ್ಲಿ (1904) ಸೊರಬದ ಶಾಸನಗಳು ಅಚ್ಚಾದವು. ಮುಂದೆ ಆರ್. ಶೇಷಶಾಸ್ತ್ರಿ ವೀರಗಲ್ಲುಗಳ ಬಗ್ಗೆ, ಷ. ಶೆಟ್ಟರ್ ಸಲ್ಲೇಖನದ ಬಗ್ಗೆ ಬರೆದ ಪುಸ್ತಕಗಳಿಂದ ಈ ಕಲ್ಲುಗಳು ವಿದ್ವಾಂಸರ ವಿಷಯವಾದವು. ಆದರೆ ರೈಸ್ ಅವರ ಗಮನ ಅಕ್ಷರದ ಮೇಲೆ. ಬರಹವಿಲ್ಲದ ಕಲ್ಲುಗಳು ಆ ಸಂಪುಟಗಳ ಲೆಕ್ಕಕ್ಕೆ ಬರಲಿಲ್ಲ. ಕಳೆದುಹೋದವುಗಳಲ್ಲಿ ಹೆಚ್ಚಿನವು ಇಂಥವೇ ಇರಬೇಕು.

ಊರಿನವರಿಗೆ ಇವು ಓದುವ ಕಲ್ಲುಗಳಾಗಿರಲಿಲ್ಲ, ದೇವರಾಗಿದ್ದವು. ಎಣ್ಣೆ ಹಚ್ಚಿ ಕುಂಕುಮ ಇಡುವುದು, ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಚರಗ ಚೆಲ್ಲುವಾಗ ಬದುವಿನ ಕಲ್ಲಿಗೂ ಒಂದು ತುತ್ತು ಹಾಕುವುದು, ಇಷ್ಟೇ ಸಾಕಿತ್ತು. ಅದೇ ಕಲ್ಲಿನ ಜೊತೆಯದು ಹಳ್ಳದಲ್ಲಿ ಬಟ್ಟೆ ಒಗೆಯುವ ಬಂಡೆಯಾಗಿರುತ್ತಿತ್ತು, ಇನ್ನೊಂದು ಕುಡುಗೋಲು ಮಸೆಯಲು ಒದಗುತ್ತಿತ್ತು. ಆದರೂ ಅವು ಊರು ಬಿಟ್ಟು ಹೋಗುತ್ತಿರಲಿಲ್ಲ. ಎತ್ತಿನ ನೇಗಿಲು ಕಲ್ಲನ್ನು ಬಳಸಿಕೊಂಡು ಹೋಗುತ್ತಿತ್ತು.

ಕಳೆದ ಕೆಲವು ದಶಕಗಳಲ್ಲಿ ಇದು ಬದಲಾಯಿತು. ಸೊರಬದ ಭತ್ತದ ಗದ್ದೆಗಳು ಅಡಿಕೆ ತೋಟವಾದವು, ಹಕ್ಕಲು ಶುಂಠಿಗೆ ಹೋಯಿತು. ಶಿಕಾರಿಪುರದ ಬಯಲಿಗೆ ಮೆಕ್ಕೆಜೋಳ ಬಂತು. ಟ್ರಾಕ್ಟರಿಗೆ, ಆಮೇಲೆ ಜೆಸಿಬಿಗೆ, ಬದುವಿನ ಕಲ್ಲು ಅಡ್ಡಿ. ಕೆಲವು ಕಡೆ ಅದನ್ನು ಎತ್ತಿ ಗುಡಿಯ ಮುಂದೆ ನಿಲ್ಲಿಸಿದರು, ಕೆಲವು ಕಡೆ ಮಣ್ಣಿನೊಡನೆ ಸರಿಸಿಬಿಟ್ಟರು. ಗುಡಿಗೆ ಬಂದವಕ್ಕೂ ನೆಮ್ಮದಿಯಿಲ್ಲ: ಜೀರ್ಣೋದ್ಧಾರದ ಹೆಸರಿನಲ್ಲಿ ಸಿಮೆಂಟಿನ ಕಟ್ಟೆಯೊಳಗೆ ಅರ್ಧ ಹೂತು, ಮೇಲೆ ಬಣ್ಣ ಬಳಿಸಿಕೊಂಡು ನಿಂತಿವೆ. ಹೂತ ಭಾಗದಲ್ಲಿ ಅಕ್ಷರವಿದ್ದರೆ ಅದು ಹೋದಂತೆಯೇ. ಇದರ ಜೊತೆಗೆ ನಿಧಿಗಳ್ಳರ ಕಾಟ. ಕಾಡು ಮುತ್ತಿದ ಹಾಳೂರುಗಳಲ್ಲಿ ಅಮಾವಾಸ್ಯೆಯ ರಾತ್ರಿ ಅಗೆಯುವವರಿಗೆ ಒಂದು ಕಾಸೂ ಸಿಗುವುದಿಲ್ಲ, ಬೆಳಗಾಗುವಾಗ ಕಲ್ಲು ಮಾತ್ರ ಎರಡು ತುಂಡಾಗಿರುತ್ತದೆ.

ಬಳ್ಳಿಗಾವಿಯ ಕೇದಾರೇಶ್ವರನ ಆವರಣದಲ್ಲಿ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಒಂದಿಷ್ಟು ಕಲ್ಲುಗಳು ಭದ್ರವಾಗಿವೆ. ಹಾಗೆ ತಂದಿಟ್ಟದ್ದು ತಪ್ಪಲ್ಲ. ಆದರೆ ದನ ಕಾಯ್ದು ಸತ್ತವನ ಕಲ್ಲು ಹುಲ್ಲುಗಾವಲಿನಲ್ಲಿದ್ದಾಗ ಹೇಳುವುದನ್ನು ಅರಮನೆಯ ಅಂಗಳದಲ್ಲಿ ಹೇಳಲಾರದು.

ಸತ್ತವರಿಗೆ ಕಲ್ಲು ನಿಲ್ಲಿಸುವ ರೂಢಿ ಇಲ್ಲಿ ಪೂರ್ತಿ ನಿಂತಿಲ್ಲ. 1942ರಲ್ಲಿ ಸ್ವತಂತ್ರವೆಂದು ಸಾರಿಕೊಂಡ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ, 1943ರ ಮಾರ್ಚಿನಲ್ಲಿ ಗಲ್ಲಿಗೇರಿದ ಐವರ ಸ್ಮಾರಕವಿದೆ. ಅದಕ್ಕೆ ಪ್ರತಿ ವರ್ಷ ಹೂಹಾರ ಬೀಳುತ್ತದೆ. ತುರುಗೋಳಿನಲ್ಲಿ ಸತ್ತವರಿಗೂ ಅವರಿಗೂ ನಡುವೆ ಇರುವುದು ಕಾಲದ ಅಂತರ ಮಾತ್ರ.

ಈಗ ಬೇಕಾದದ್ದು ದೊಡ್ಡ ಯೋಜನೆಯಲ್ಲ. ಗ್ರಾಮ ಪಂಚಾಯಿತಿಗಳು ತಮ್ಮ ಎಲ್ಲೆಯೊಳಗಿನ ಕಲ್ಲುಗಳನ್ನು, ಅಕ್ಷರವಿಲ್ಲದವನ್ನೂ ಸೇರಿಸಿ, ಸರ್ವೆ ನಂಬರ್ ಮತ್ತು ಫೋಟೊ ಸಹಿತ ದಾಖಲಿಸಿಡಬೇಕು. ಜಮೀನಿನಲ್ಲಿ ಕಲ್ಲು ಸಿಕ್ಕವರು ಅದನ್ನು ಉಜ್ಜಿ ತೊಳೆಯದೆ, ಬಣ್ಣ ಬಳಿಯದೆ, ಜಾಗ ಕದಲಿಸದೆ ಮೊದಲು ಪುರಾತತ್ತ್ವ ಇಲಾಖೆಗೆ ತಿಳಿಸಲಿ.