ಗಡಿಬಿಡಿ ಏನಿತ್ತು?

ರಾಯಚೂರಿನಲ್ಲಿ ಕಾಲೇಜು ಓದುವಾಗ ನಾನೊಂದು ಲೀಗ್ ತಂಡದಲ್ಲಿ ಬೌಲರ್ ಆಗಿದ್ದೆ. ಸಂಜೆಯೆಲ್ಲ ನೆಟ್ಸ್‌ನಲ್ಲಿ ಬೇರೆಯವರಿಗೆ ಬೌಲಿಂಗ್ ಮಾಡಿ, ನನ್ನ ಸರದಿ ಬರುವಷ್ಟರಲ್ಲಿ ಚೆಂಡು ಕಾಣದಷ್ಟು ಕತ್ತಲಾಗಿರುತ್ತಿತ್ತು. ‘ಹತ್ತು ಬಾಲ್ ಆಡು, ಸಾಕು’ ಅನ್ನುತ್ತಿದ್ದರು. ಹತ್ತನ್ನೂ ಎತ್ತಿ ಹೊಡೆದು ಪ್ಯಾಡ್ ಬಿಚ್ಚುತ್ತಿದ್ದೆ. ಬೌಲರ್‌ನ ಬ್ಯಾಟಿಂಗ್ ಅಂದರೆ ಇಷ್ಟೇ ಎಂದು ನಾನೂ ನಂಬಿದ್ದೆ.

ನನ್ನೂರು ದೇವದುರ್ಗದಲ್ಲಿ ಕಲಿತದ್ದೂ ಅದನ್ನೇ. ಅಲ್ಲಿ ಟೆನಿಸ್ ಬಾಲಿನ ಎಂಟು ಓವರಿನ ಪಂದ್ಯ. ಒಂಬತ್ತು, ಹತ್ತನೆಯವನಿಗೆ ಬ್ಯಾಟ್ ಸಿಕ್ಕರೆ ಉಳಿದಿರುವುದು ನಾಲ್ಕೈದು ಚೆಂಡು. ಕಣ್ಣು ಮುಚ್ಚಿ ಬೀಸುವುದೇ ಧರ್ಮ.

ಒಂದು ಲೀಗ್ ಪಂದ್ಯದಲ್ಲಿ ಅದು ಕೈಕೊಟ್ಟಿತು. ಹದಿನಾಲ್ಕು ರನ್ ಬೇಕಿತ್ತು, ಆರು ಓವರ್ ಬಾಕಿ ಇದ್ದವು. ಆ ತುದಿಯಲ್ಲಿ ಅರವತ್ತು ದಾಟಿದ ಹಿರಿಯ ಆಟಗಾರ, ಈ ತುದಿಯಲ್ಲಿ ಹತ್ತನೆಯವನಾಗಿ ನಾನು. ಎದುರಿಸಿದ ಎರಡನೇ ಚೆಂಡಿಗೇ ಬೀಸಿದೆ. ಮಧ್ಯದ ಸ್ಟಂಪ್ ಹಾರಿತು. ಮುಂದಿನ ಓವರಿನಲ್ಲಿ ಆಟ ಮುಗಿಯಿತು. ಆತ ಬೈಯಲಿಲ್ಲ. ಗ್ಲೌಸ್ ತೆಗೆಯುತ್ತ, ‘ಗಡಿಬಿಡಿ ಏನಿತ್ತಪ್ಪ?’ ಎಂದಷ್ಟೇ ಕೇಳಿದ.

ಉತ್ತರ ಇರಲಿಲ್ಲ. ಆ ರಾತ್ರಿ ರೂಮಿನಲ್ಲಿ ಮಲಗಿದಾಗ ನೆನಪಾದದ್ದು 1996ರ ಅಕ್ಟೋಬರ್ 21, ಬೆಂಗಳೂರಿನ ಟೈಟನ್ ಕಪ್ ಪಂದ್ಯ. ಆಸ್ಟ್ರೇಲಿಯಾ ಎದುರು 216 ರನ್ ಬೇಕಿತ್ತು. 88 ಹೊಡೆದಿದ್ದ ಸಚಿನ್ ಔಟಾದಾಗ ಪಕ್ಕದ ಮನೆಯ ಟಿವಿ ಮುಂದಿದ್ದವರೆಲ್ಲ ಎದ್ದು ಹೋಗಿದ್ದರು. 164ಕ್ಕೆ 8 ವಿಕೆಟ್. ಆಮೇಲೆ ಶ್ರೀನಾಥ್ 30, ಕುಂಬ್ಳೆ 16, ಇಬ್ಬರೂ ಔಟಾಗದೆ ಗೆಲ್ಲಿಸಿದರು. ಹುಡುಗನಾಗಿದ್ದಾಗ ಅದನ್ನು ಅದೃಷ್ಟ ಅಂದುಕೊಂಡಿದ್ದೆ. ಅವರು ಒಬ್ಬರ ವಿಕೆಟನ್ನು ಒಬ್ಬರು ಕಾದಿದ್ದರು ಎಂಬುದು ನನ್ನ ಸ್ಟಂಪ್ ಹಾರಿದ ಮೇಲೆ ಹೊಳೆಯಿತು.

ಗದಗಿನ ಸುನಿಲ್ ಜೋಶಿ ನಮ್ಮಂಥದ್ದೇ ಊರಿನ ಕಡೆಯಿಂದ ಬಂದವರು, ಸ್ಪಿನ್ನರ್. ಕರ್ನಾಟಕ ರಣಜಿ ಗೆದ್ದ 1995–96ರ ಋತುವಿನಲ್ಲಿ ಅವರು 50ಕ್ಕೂ ಹೆಚ್ಚು ವಿಕೆಟ್ ಪಡೆದದ್ದಲ್ಲದೆ 500ಕ್ಕೂ ಹೆಚ್ಚು ರನ್ ಹೊಡೆದರು. 2000ದಲ್ಲಿ ಢಾಕಾದಲ್ಲಿ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟಿನಲ್ಲಿ, ಐದು ವಿಕೆಟ್ ಕಿತ್ತು 92 ರನ್ ಮಾಡಿದರು. ಆ 92ರ ಬೇರು ನಾಲ್ಕು ದಿನಗಳ ರಣಜಿ ಪಂದ್ಯಗಳಲ್ಲಿತ್ತು. ಅಲ್ಲಿ ಕೆಳಗಿನವನಿಗೂ ಒಂದು ಸೆಷನ್ ನಿಲ್ಲುವಷ್ಟು ಹೊತ್ತು ಸಿಗುತ್ತದೆ. ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು 1990ರ ಆಗಸ್ಟ್‌ನಲ್ಲಿ. ಓವಲ್‌ನಲ್ಲಿ ಔಟಾಗದೆ 110 ಹೊಡೆದದ್ದು 2007ರ ಆಗಸ್ಟ್‌ನಲ್ಲಿ. ಒಂದು ಶತಕಕ್ಕೆ ಹದಿನೇಳು ವರ್ಷ!

ನನ್ನ ಕಲಿಕೆ ಸಣ್ಣದು. ರಜೆಗೆ ಊರಿಗೆ ಹೋದಾಗ ಹಳೇ ಕಾಲುಚೀಲದಲ್ಲಿ ಚೆಂಡು ಹಾಕಿ ಬೇವಿನ ಮರಕ್ಕೆ ತೂಗುಹಾಕಿದೆ. ಅದು ಎಷ್ಟು ಸಲ ತಿರುಗಿ ಬಂದರೂ ನೇರ ಬ್ಯಾಟಿನಿಂದ ತಡೆಯುವುದು, ಅಷ್ಟೇ ಕೆಲಸ. ವೇಗದ ಚೆಂಡಿಗೆ ಹಿಂಗಾಲು ಲೆಗ್ ಕಡೆ ಓಡುತ್ತಿತ್ತು. ಅಲ್ಲೊಂದು ಇಟ್ಟಿಗೆ ಇಟ್ಟೆ. ಮ್ಯಾಟಿನ ಮೇಲೆ ಪುಟಿಯುವ ಚೆಂಡನ್ನು ಬಿಡುವುದು, ಓವರಿನ ಕೊನೆಯಲ್ಲಿ ಯಾರು ಯಾವ ತುದಿಯಲ್ಲಿರಬೇಕೆಂದು ಲೆಕ್ಕ ಹಾಕುವುದು ಪಂದ್ಯಗಳಲ್ಲೇ ಬಂತು. ಮುಂದಿನ ವರ್ಷ ಅದೇ ಹಿರಿಯನೊಡನೆ ಒಂಬತ್ತು ಓವರ್ ನಿಂತೆ. ನನ್ನದು ಏಳು ರನ್. ಪಂದ್ಯ ಸೋತೆವು, ಆತ ಔಟಾದ, ನಾನು ಆಗಲಿಲ್ಲ. ಹೊರಗೆ ಬಂದಾಗ ತನ್ನ ನೀರಿನ ಬಾಟಲಿಯನ್ನು ಮೊದಲು ನನಗೆ ಕೊಟ್ಟ. ಆ ಏಳು ರನ್ ನೆನಪಿರುವಷ್ಟು ನಾನು ಪಡೆದ ಯಾವ ವಿಕೆಟ್ಟೂ ನೆನಪಿಲ್ಲ.

ಈಗ ಮಾನ್ವಿಯಲ್ಲಿ ಮೇಷ್ಟ್ರು. ಭತ್ತ ಕೊಯ್ದ ಗದ್ದೆಯಲ್ಲಿ ಹುಡುಗರು ಆಡುತ್ತಾರೆ. ಸಂಜೆ ನಾನು ಹೋದ ದಿನ ಒಂದೇ ನಿಯಮ: ಮೊದಲು ಪ್ಯಾಡ್ ಕಟ್ಟುವವನು ಹನ್ನೊಂದನೆಯವನು. ಬೆಳಕಿರುವಾಗಲೇ.