ಕೊಳಲೂ ವಿದ್ಯಾಶಾಲೆಯೂ

ಪ್ರತಿ ವರುಷವೂ ಜೂನ್ ತಿಂಗಳಲ್ಲಿ ವೇಳಾಪಟ್ಟಿಯನ್ನು ಗೋಡೆಗೆ ಹಚ್ಚಿದೊಡನೆ ಯಾರಾದರೊಬ್ಬ ತಂದೆಯವರು ನನ್ನ ಕೊಠಡಿಗೆ ಬಂದು, "ಅಮ್ಮಾ, ಸಂಗೀತಕ್ಕೆಂದು ವಾರಕ್ಕೆ ಎರಡು ಪಾಠಗಳನ್ನು ಇಟ್ಟಿರುವಿರಿ, ಅವನ್ನು ಗಣಿತಕ್ಕೆ ಕೊಡಬಾರದೇ?" ಎಂದು ಕೇಳುವುದುಂಟು. ಕೇಳುವವರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಪ್ರಾರ್ಥನೆಗೂ ವಾರ್ಷಿಕೋತ್ಸವಕ್ಕೂ ಸಾಲುವಷ್ಟು ಹಾಡು ಬಂದರೆ ಆಯಿತು, ಅದೇನು ವಿದ್ಯೆಯಲ್ಲ ಎಂಬುದು ಅವರ ಎಣಿಕೆ. ಈ ಎಣಿಕೆಯು ನಮ್ಮವರಲ್ಲಿ ಎಲ್ಲಿಂದ ಬಂದಿತೆಂದು ಯೋಚಿಸುವಾಗಲೆಲ್ಲ ಮದ್ರಾಸಿನ ಒಂದು ಮನೆತನವೂ ಅದರಲ್ಲಿ ಹುಟ್ಟಿದ ಒಬ್ಬ ಕೊಳಲಿನ ವಿದ್ವಾಂಸರೂ ನನ್ನ ನೆನಪಿಗೆ ಬರುತ್ತಾರೆ. ಈ ಸಂಚಿಕೆಗೆ ಏನನ್ನಾದರೂ ಬರೆಯಬೇಕೆಂದು ಹಳೆಯ ವಿದ್ಯಾರ್ಥಿನಿಯರು ಕೇಳಿಕೊಂಡುದರಿಂದ ಅವರ ವಿಷಯವನ್ನೇ ಬರೆಯಲು ತೊಡಗಿದ್ದೇನೆ.

ತಂಜಾವೂರು ವಿಶ್ವನಾಥನ್‌ರವರು ಹುಟ್ಟಿದುದು 1927ರಲ್ಲಿ. ಇವರ ತಾಯಿಯ ತಾಯಿಯೇ ವೀಣೆಯ ಧನಮ್ಮಾಳ್. ತಾಯಿ ಜಯಮ್ಮಾಳ್ ಗಾಯಕಿ. ಅಕ್ಕ ಭರತನಾಟ್ಯದ ಬಾಲಸರಸ್ವತಿ. ಅಣ್ಣ ರಂಗನಾಥನ್ ಮೃದಂಗದಲ್ಲಿ ನಿಪುಣರು. ಮದ್ರಾಸಿನ ಜಾರ್ಜ್ ಟೌನಿನಲ್ಲಿದ್ದ ಧನಮ್ಮಾಳರ ಮನೆಯಲ್ಲಿ ಶುಕ್ರವಾರದ ಸಂಜೆ ಅವರು ವೀಣೆ ನುಡಿಸುವುದನ್ನು ಕೇಳಲು ದೊಡ್ಡ ದೊಡ್ಡ ವಿದ್ವಾಂಸರೂ ಬಂದು ಸದ್ದಿಲ್ಲದೆ ಕುಳಿತುಕೊಳ್ಳುತ್ತಿದ್ದರಂತೆ. ಅವರು 1938ರಲ್ಲಿ ತೀರಿಕೊಂಡಾಗ ಮೊಮ್ಮಗನಿಗೆ ಹತ್ತು ಹನ್ನೊಂದರ ಪ್ರಾಯ.

ಈ ಮನೆತನವು ದೇವದಾಸಿ ಸಂಪ್ರದಾಯಕ್ಕೆ ಸೇರಿದುದು. ಮಿಷನ್ ಶಾಲೆಯ ಸಂಚಿಕೆಯೆಂಬ ಕಾರಣದಿಂದ ಈ ಮಾತನ್ನು ಮರೆಮಾಚುವುದು ನನಗೆ ಸರಿದೋರದು. ಮರೆಮಾಚಿದರೆ ಮುಂದಿನದು ತಿಳಿಯುವುದೂ ಇಲ್ಲ. 1890ರ ದಶಕದಲ್ಲಿ ಮದ್ರಾಸಿನಲ್ಲಿ ಈ ಸ್ತ್ರೀಯರ ನೃತ್ಯಕ್ಕೆ ವಿರೋಧವಾಗಿ ಚಳುವಳಿಯೆದ್ದಾಗ ಮಿಷನರಿಗಳು ಅದಕ್ಕೆ ಬಲವಾಗಿ ನಿಂತರು. ಮೈಸೂರು ಸರ್ಕಾರದವರು 1909ರಲ್ಲಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದರು. ಮದ್ರಾಸಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಬಹುಕಾಲ ಹೋರಾಡಿದ ಮೇಲೆ 1947ರಲ್ಲಿ ಕಾಯಿದೆಯಾಯಿತು. ಆ ಮಹನೀಯಳ ತಾಯಿಯೂ ಅದೇ ಸಮುದಾಯದವರೆಂಬುದನ್ನು ನಮ್ಮ ಹುಡುಗಿಯರು ತಿಳಿದಿರಬೇಕು. ಎಳೆಯ ಹೆಣ್ಣುಮಕ್ಕಳನ್ನು ಆ ಪದ್ಧತಿಯಿಂದ ಬಿಡಿಸಿದುದು ನ್ಯಾಯವಾದ ಕಾರ್ಯವೇ. ಅದರಲ್ಲಿ ನನಗೆ ಎರಡು ಮನಸ್ಸಿಲ್ಲ. ಆದರೆ ಪದ್ಧತಿಯನ್ನು ತೊಲಗಿಸುವ ಭರದಲ್ಲಿ ಅವರ ವಿದ್ಯೆಯ ಮೇಲೂ ಕೆಸರನ್ನೆರಚಿದರಲ್ಲ, ಅದು ನ್ಯಾಯವಲ್ಲ. ಹಾಡುವ ಹೆಣ್ಣು ಮಾನವಂತಳಲ್ಲವೆಂಬ ಮಾತು ಊರೆಲ್ಲ ಹಬ್ಬಿತು. ನಾನು ಓದಿದ ಶಾಲೆಯಲ್ಲಿ ಹಾರ್ಮೋನಿಯಂ ಇತ್ತು, ಗೋಡೆಯ ಮೇಲೆ ಟಾನಿಕ್ ಸಾಲ್‌ಫಾದ ಹಳೆಯ ಪಟವಿತ್ತು. ನಾವು ಹಾಡುತ್ತಿದ್ದ ಕ್ರೈಸ್ತ ಕೀರ್ತನೆಗಳಲ್ಲಿ ಮೋಹನವೂ ಆನಂದಭೈರವಿಯೂ ಇದ್ದವು. ಆದರೆ ಆ ರಾಗಗಳ ಹೆಸರನ್ನು ಯಾರೊಬ್ಬರೂ ನಮಗೆ ಹೇಳಲಿಲ್ಲ.

ಇನ್ನು ಕೊಳಲಿನ ವಿಷಯ. ನೋಡುವುದಕ್ಕೆ ಅದು ಅಲ್ಪ ವಸ್ತು: ಒಂದು ತುಂಡು ಬಿದಿರು, ಊದುವುದಕ್ಕೆ ಒಂದು ರಂಧ್ರ, ಬೆರಳುಗಳಿಗೆ ಎಂಟು. ವೀಣೆಯಲ್ಲಿರುವಂತೆ ಮೆಟ್ಟುಗಳಿಲ್ಲ, ಪಾಶ್ಚಾತ್ಯರ ಕೊಳಲಿನಲ್ಲಿರುವಂತೆ ಲೋಹದ ಕೀಲಿಗಳೂ ಇಲ್ಲ. ಬೆರಳನ್ನು ಜಾರಿಸಿ, ರಂಧ್ರವನ್ನು ಅರೆಮುಚ್ಚಿ ಅರೆತೆರೆದು, ಉಸಿರಿನ ಬಿರುಸನ್ನು ಏರಿಸಿ ಇಳಿಸಿ ಗಮಕವನ್ನು ಹುಟ್ಟಿಸಬೇಕು. ವಿಶ್ವನಾಥನ್‌ರವರು ಇದನ್ನು ಕಲಿತುದು ನಾಗಸ್ವರದ ಮನೆತನದವರಾದ ತಿರುಪ್ಪಾಂಬುರಂ ಸ್ವಾಮಿನಾಥ ಪಿಳ್ಳೆಯವರಲ್ಲಿ. ಮನೆಯಲ್ಲಿಯಾದರೋ ತಾಯಿಯ ಕಂಠ. ಆದುದರಿಂದ ಅವರ ಕೊಳಲು ಹಾಡುವ ಕೊಳಲಾಯಿತು. ಕಚೇರಿಯ ನಡುವೆ ಕೊಳಲನ್ನು ಕೆಳಗಿಳಿಸಿ, ನುಡಿಸುತ್ತಿದ್ದ ಸಾಲನ್ನೇ ಬಾಯಿಂದ ಹಾಡಿ, ತಿರುಗಿ ಕೊಳಲನ್ನೆತ್ತಿಕೊಳ್ಳುವುದು ಅವರ ವಾಡಿಕೆ. ಕೊಳಲಿಗೆ ಮಾತು ಬಾರದು. ನುಡಿಸುವವನಿಗಾದರೂ ಮಾತು ತಿಳಿದಿರಬೇಕಷ್ಟೆ.

1958ರಲ್ಲಿ ಅವರು ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಲಾಸ್ ಏಂಜಲಿಸ್ ನಗರದ ವಿಶ್ವವಿದ್ಯಾನಿಲಯಕ್ಕೆ ಹೋದರು. ಹಿಂದಿರುಗಿ ಬಂದು 1961ರಿಂದ 1965ರ ವರೆಗೆ ಮದ್ರಾಸು ವಿಶ್ವವಿದ್ಯಾನಿಲಯದ ಸಂಗೀತ ವಿಭಾಗಕ್ಕೆ ಮುಖ್ಯಸ್ಥರಾಗಿದ್ದರು. ಮತ್ತೆ ಅಮೆರಿಕಕ್ಕೆ ತೆರಳಿ, 1975ರಲ್ಲಿ ರಾಗಾಲಾಪನೆಯನ್ನು ಕುರಿತು ಪ್ರಬಂಧ ಬರೆದು ಡಾಕ್ಟರ್ ಪದವಿಯನ್ನು ಪಡೆದರು. ಬಾಯಿಂದ ಬಾಯಿಗೆ ಬಂದುದನ್ನು ಬಿಡಿಸಿ ಬರೆದು ತೋರಿಸುವ ಕಷ್ಟವನ್ನು ಪಾಠದ ಟಿಪ್ಪಣಿ ಬರೆದು ಬಲ್ಲ ಉಪಾಧ್ಯಾಯಿನಿಯರು ಊಹಿಸಬಲ್ಲರು. ಅಂದಿನಿಂದ 2002ರಲ್ಲಿ ಕಾಲವಾಗುವ ತನಕ ಅವರು ಪಾಠ ಹೇಳಿದುದು ಕನೆಕ್ಟಿಕಟ್ ಸಂಸ್ಥಾನದ ಮಿಡಲ್‌ಟೌನ್ ಎಂಬಲ್ಲಿಯ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ. ರಂಗನಾಥನ್‌ರವರು 1963ರಲ್ಲಿಯೇ ಅಲ್ಲಿ ಮೃದಂಗ ಕಲಿಸತೊಡಗಿದ್ದರು; ಬಾಲಸರಸ್ವತಿಯವರೂ ಅಲ್ಲಿ ಕಲಿಸಿದುದುಂಟು. ಅವರ ಚಿಕ್ಕಮ್ಮನ ಮಗಳು ಬೃಂದಾರವರು ಸಿಯಾಟಲಿನ ವಿಶ್ವವಿದ್ಯಾನಿಲಯದಲ್ಲಿ ಹಾಡುಗಾರಿಕೆಯನ್ನು ಹೇಳಿಕೊಟ್ಟರು.

ವೆಸ್ಲಿ ಎಂಬ ಹೆಸರು ಮೈಸೂರು ಸೀಮೆಯ ಕ್ರೈಸ್ತರಿಗೆ ಹೊಸದಲ್ಲ. ಆ ವಿಶ್ವವಿದ್ಯಾನಿಲಯವನ್ನು 1831ರಲ್ಲಿ ಸ್ಥಾಪಿಸಿದವರೂ ಮೆಥೊಡಿಸ್ಟರೇ. ಯಾವ ಮನೆಯ ಹೆಂಗಸರ ಹಾಡನ್ನು ಇಲ್ಲಿಯ ನಮ್ಮ ಹಿರಿಯರು ಕಿವಿಗೆ ಬೀಳಗೊಡಿಸಲಿಲ್ಲವೋ, ಅದೇ ಮನೆಯ ಮಕ್ಕಳಿಗೆ ಜಾನ್ ವೆಸ್ಲಿಯ ಹೆಸರಿನ ವಿದ್ಯಾಲಯವು ಅಲ್ಲಿ ಅಧ್ಯಾಪಕ ಪೀಠವನ್ನಿತ್ತಿತು. ಧನಮ್ಮಾಳರಾಗಲಿ ಜಯಮ್ಮಾಳರಾಗಲಿ ಅಂತಹ ಪೀಠದಲ್ಲಿ ಕುಳಿತವರಲ್ಲ. ಆದರೆ ಪಾಠವು ಅವರದೇ.

ವಿಶ್ವನಾಥನ್‌ರವರ ಶಿಷ್ಯರಲ್ಲಿ ಜಾನ್ ಹಿಗಿನ್ಸ್ ಎಂಬ ಅಮೆರಿಕದವರೊಬ್ಬರಿದ್ದರು. ಅವರು ಕರ್ನಾಟಕ ಸಂಗೀತವನ್ನು ಎಷ್ಟು ಚೆನ್ನಾಗಿ ಹಾಡಿದರೆಂದರೆ ಮದ್ರಾಸಿನ ರಸಿಕರು ಅವರನ್ನು ಹಿಗಿನ್ಸ್ ಭಾಗವತರೆಂದೇ ಕರೆದರು. 1984ರಲ್ಲಿ ರಸ್ತೆಯಲ್ಲಿ ವಾಹನವೊಂದು ಬಡಿದು ಅಕಾಲದಲ್ಲಿ ತೀರಿಹೋದರು. ಅವರು ಹಾಡಿದ 'ಕೃಷ್ಣಾ ನೀ ಬೇಗನೆ ಬಾರೋ' ಎಂಬ ಧ್ವನಿಮುದ್ರಿಕೆಯನ್ನು ಹೋದ ವರುಷ ಒಂಬತ್ತನೆಯ ತರಗತಿಗೆ ಕೇಳಿಸಿದೆನು. ವ್ಯಾಸರಾಯರದೆಂದು ಹೇಳುವ ಈ ಕನ್ನಡ ಪದವು ಆ ಮನೆತನಕ್ಕೆ ಬಹು ಪ್ರಿಯವಾದುದು. ಬಾಲಸರಸ್ವತಿಯವರು ಸಮುದ್ರತೀರದಲ್ಲಿ ಇದನ್ನು ಅಭಿನಯಿಸುವುದನ್ನು ಸತ್ಯಜಿತ್ ರಾಯರ 1976ರ ಚಿತ್ರದಲ್ಲಿ ಕಾಣಬಹುದು. ಹಾಡುವವರ ಹೆಸರನ್ನು ಕೇಳಿ ಹುಡುಗಿಯರು ಮೊದಲು ನಕ್ಕರು. ಅರೆಗಳಿಗೆಯಲ್ಲಿ ನಗು ನಿಂತಿತು. ಮುಗಿದ ಮೇಲೆ ಒಬ್ಬಳು, "ಅಮ್ಮಾ, ಇವರಿಗೆ ಕನ್ನಡ ಬರುತ್ತಿತ್ತೇ?" ಎಂದಳು. ಮತ್ತೊಬ್ಬಳು, "ಹಾಡು ಬರುತ್ತಿತ್ತಲ್ಲೇ!" ಎಂದುತ್ತರ ಕೊಟ್ಟಳು. ನಾನು ಹೇಳುವುದಕ್ಕೇನೂ ಉಳಿಯಲಿಲ್ಲ.

ಮದ್ರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು 1988ರಲ್ಲಿಯೂ, ಅಮೆರಿಕದ ರಾಷ್ಟ್ರೀಯ ಪರಂಪರೆಯ ಪುರಸ್ಕಾರವು 1992ರಲ್ಲಿಯೂ ವಿಶ್ವನಾಥನ್‌ರವರಿಗೆ ದೊರೆತವು. ದಕ್ಷಿಣ ಭಾರತದ ಸಂಗೀತವನ್ನು ಕುರಿತು ಅವರು ತಮ್ಮ ಶಿಷ್ಯರಾದ ಮ್ಯಾಥ್ಯೂ ಅಲೆನ್‌ರೊಡನೆ ಬರೆದ ಇಂಗ್ಲಿಷ್ ಪುಸ್ತಕವು ಅವರು ತೀರಿಕೊಂಡ ಮೇಲೆ, 2004ರಲ್ಲಿ, ಅಚ್ಚಾಯಿತು. ಅದರ ಒಂದು ಪ್ರತಿಯನ್ನು ನಮ್ಮ ಪುಸ್ತಕ ಭಂಡಾರಕ್ಕೆ ತರಿಸಿದ್ದೇನೆ. ಜೊತೆಯಲ್ಲಿ ಹಾಡುಗಳ ಸಿ.ಡಿ.ಯೂ ಇದೆ. ಶನಿವಾರ ಮಧ್ಯಾಹ್ನ ಭಂಡಾರವು ತೆರೆದಿರುತ್ತದೆ. ಹಳೆಯ ವಿದ್ಯಾರ್ಥಿನಿಯರೂ ತಾಯ್ತಂದೆಗಳೂ ಬಂದು ಕೇಳಬಹುದು.