ನಮ್ಮ ಮನೆಯ ರವಿವಾರ

ಮನುಷ್ಯನು ಸಂಘಜೀವಿ. ಅವನ ಮೇಲೆ ಮನೆಯ ಋಣ, ಊರಿನ ಋಣ, ಅನ್ನ ಕೊಡುವ ಉದ್ಯೋಗದ ಋಣ, ಇವೆಲ್ಲಕ್ಕೂ ಮೇಲಾಗಿ ದೇವರ ಋಣ ಇರುತ್ತವೆ. ಇವು ಬೇರೆ ಬೇರೆ ದಿನ ಬಾಗಿಲಿಗೆ ಬಂದರೆ ತೊಂದರೆಯಿಲ್ಲ. ನಾಲ್ಕೂ ಕೂಡಿ ಒಂದೇ ದಿನ ಬಂದು ನಿಂತಾಗ ಯಾವುದನ್ನು ಮೊದಲು ತೀರಿಸಬೇಕೆಂಬ ಪ್ರಶ್ನೆ ಏಳುತ್ತದೆ. ನಮ್ಮ ಮನೆಯಲ್ಲಿ ಆ ದಿನದ ಹೆಸರು ರವಿವಾರ.

ನಾವು ಕಥೋಲಿಕ ಕ್ರೈಸ್ತರು. ನಮ್ಮ ಅಜ್ಜನ ಊರು ಕೃಷ್ಣೆಯ ಆಚೆಗಿರುವ ಮುದಗಲ್ಲು. ಆದಿಲಶಾಹಿಯ ಕಾಲದಿಂದಲೂ ಅಲ್ಲಿ ಕನ್ನಡ ಮಾತಾಡುವ ಕ್ರೈಸ್ತರ ಒಕ್ಕಲು ಇದೆಯೆಂಬುದು ಈ ಸೀಮೆಯ ಇತಿಹಾಸ ಓದಿದವರಿಗೆ ತಿಳಿದ ಸಂಗತಿ. ತಂದೆಯವರು ಸರಕಾರಿ ಗುಮಾಸ್ತರು, ತಾಯಿಯವರು ದಾದಿ. ವರ್ಗಾವಣೆಯ ಆಜ್ಞೆ ಬಂದಂತೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕೂ ಊರುಗಳ ನೀರು ಕುಡಿದಿದ್ದೇವೆ. ಊರು ಯಾವುದೇ ಇರಲಿ, ಬಲಿಪೂಜೆಗೆಂದು ನಾವು ಹೊರಡುತ್ತಿದ್ದುದು ವಿಜಯಪುರಕ್ಕೆ. ಬಾಗೇವಾಡಿಯಿಂದ 40 ಕಿಲೋಮೀಟರಿಗೆ ಮೇಲೆ, ಇಂಡಿಯಿಂದ 50ಕ್ಕೆ ಮೇಲೆ, ಸಿಂದಗಿಯಿಂದ ಸುಮಾರು 60, ಮುದ್ದೇಬಿಹಾಳದಿಂದ ಸುಮಾರು 80. ನಸುಕಿನ ಬಸ್ಸು ತಪ್ಪಿತೆಂದರೆ ಆ ವಾರದ ಪೂಜೆಯೂ ತಪ್ಪಿತೆಂದೇ ಲೆಕ್ಕ.

ರವಿವಾರದ ಪೂಜೆಯಲ್ಲಿ ಭಾಗವಹಿಸುವುದು ನಮ್ಮಲ್ಲಿ ಮನಸ್ಸಿಗೆ ಬಂದರೆ ಮಾಡುವ ಕೆಲಸವಲ್ಲ, ಕಡ್ಡಾಯದ ಕರ್ತವ್ಯ. ಆದರೆ ಧರ್ಮಸಭೆಯು ಸಂಸಾರಸ್ಥರ ಕಷ್ಟವನ್ನು ಅರಿಯದ ತಾಯಿಯೇನೂ ಅಲ್ಲ. ಹಿಂದೆ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಅನ್ನ ನೀರು ಮುಟ್ಟುವಂತಿರಲಿಲ್ಲ. 1953ರಲ್ಲಿ ನೀರಿನ ನಿರ್ಬಂಧ ಹೋಯಿತು. 1964ರಲ್ಲಿ ಉಪವಾಸ ಒಂದು ಗಂಟೆಗೆ ಇಳಿಯಿತು. ಆದ್ದರಿಂದಲೇ ನಾವು ಬಸ್ಸಿನಲ್ಲಿ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿಂದು ಪೂಜೆಗೆ ಹೋಗಬಹುದು! 1983ರ ಧರ್ಮಸಂಹಿತೆಯ ಪ್ರಕಾರ ಶನಿವಾರ ಸಂಜೆಯ ಪೂಜೆಗೆ ಹೋದರೂ ರವಿವಾರದ ಕರ್ತವ್ಯ ತೀರುತ್ತದೆ. ಗುರುಗಳಿಲ್ಲದಲ್ಲಿ, ಅಥವಾ ಬಲವಾದ ಕಾರಣವಿದ್ದು ಹೋಗಲು ಸಾಧ್ಯವೇ ಇಲ್ಲದಲ್ಲಿ, ಮನೆಯವರು ಕೂಡಿ ಪ್ರಾರ್ಥನೆಯಲ್ಲಿ ತೊಡಗಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಕುಟುಂಬವನ್ನು 'ಗೃಹಸಭೆ' ಎಂದು ಕರೆದದ್ದು ಎರಡನೆಯ ವ್ಯಾಟಿಕನ್ ಮಹಾಸಭೆ, 1964ರಲ್ಲಿ.

ಇಷ್ಟೆಲ್ಲ ಸೌಲಭ್ಯವಿದ್ದರೂ ತೊಡಕು ತಪ್ಪದು. ತಾಯಿಯವರ ರಾತ್ರಿ ಪಾಳಿ ಮುಗಿಯುವುದು ರವಿವಾರ ಮುಂಜಾನೆ. ತಂದೆಯವರಿಗೆ ಪರೀಕ್ಷೆಯ ಮೇಲ್ವಿಚಾರಣೆ, ಚುನಾವಣೆಯ ತರಬೇತಿ ಬರುವುದು ಬಹುಮಟ್ಟಿಗೆ ರಜೆಯ ದಿನವೇ. ನೌಕರದಾರರೆಲ್ಲ ಬರಲೆಂದು ಊರವರು ಮದುವೆ, ತೊಟ್ಟಿಲು, ಗೃಹಪ್ರವೇಶಗಳನ್ನು ಇಡುವುದೂ ಅಂದೇ. ನಮ್ಮ ಸೀಮೆಯಲ್ಲಿ ಕರೆದಲ್ಲಿಗೆ ಹೋಗದಿದ್ದರೆ ಜನ ಬೈಯುವುದಿಲ್ಲ. ಮುಂದಿನ ಸಲ ಕರೆಯುವುದಿಲ್ಲ, ಅಷ್ಟೆ. ಬೈಗುಳಕ್ಕಿಂತ ಅದು ಕಠಿಣ.

ಹಾಗೆಂದು ನಮ್ಮ ನೆರೆಹೊರೆಯವರು ನಮಗೆ ಅಡ್ಡಿಯಾದರೆಂದು ತಿಳಿಯಬಾರದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದೊಯ್ದವರು ಚರಗ ಚೆಲ್ಲುವಾಗ ನಾವು ಸುಮ್ಮನೆ ಕೈಕಟ್ಟಿ ನಿಂತರೆ ತಪ್ಪು ತಿಳಿದವರಲ್ಲ. ನಮ್ಮ ಪ್ರಾರ್ಥನೆಯನ್ನು ನಾವು ಮನಸ್ಸಿನಲ್ಲಿ ಹೇಳಿ ಮುಗಿಸುವವರೆಗೂ ಎಲೆಗೆ ಕಡಬು ಬಡಿಸದೆ ಕಾದವರು. ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವು ಮಾಂಸ ಬಿಡುತ್ತೇವೆ. ಸುತ್ತಲೂ ಶರಣರ ಮನೆಗಳಿರುವಲ್ಲಿ ಈ ವ್ರತಕ್ಕೆ ಭಂಗ ತರುವವರಾರು? ವಿಭೂತಿ ಬುಧವಾರದಂದು ನಾವು ಹಣೆಯ ಮೇಲೆ ಬೂದಿಯ ಶಿಲುಬೆ ಹಚ್ಚಿಸಿಕೊಂಡು ಬಾಗೇವಾಡಿಗೆ ಇಳಿದಾಗ ಪಕ್ಕದ ಮನೆಯ ಅಮ್ಮ, "ಇವತ್ತ ನೀವೂ ವಿಭೂತಿ ಹಚ್ಚೀರಿ, ನಮ್ಮವರಾದ್ರಿ ನೋಡ್ರಿ" ಎಂದು ನಕ್ಕರು. ತಾಯಿಯವರೂ ನಕ್ಕು, "ನಿನ್ನೆ ಆಗಿರಲಿಲ್ಲೇನ್ರೀ?" ಎಂದರು.

ಮುದ್ದೇಬಿಹಾಳದಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಅಂದು ಪಾಸ್ಖ ಹಬ್ಬದ ರವಿವಾರ, ಪುನರುತ್ಥಾನದ ದಿನ, ವರ್ಷದಲ್ಲಿ ಅದಕ್ಕಿಂತ ದೊಡ್ಡ ಹಬ್ಬ ನಮಗಿಲ್ಲ. ನಲವತ್ತು ದಿನ ಕಾದಿದ್ದೆವು. ತಾಯಿಯವರು ಪಾಳಿ ಬದಲಿಸಿಕೊಂಡಿದ್ದರು; ತಮ್ಮನು ಹೊಸ ಅಂಗಿ ತೊಟ್ಟು ಕತ್ತಲಲ್ಲೇ ಹೊಸ್ತಿಲ ಮೇಲೆ ಕುಳಿತಿದ್ದನು. ಆಗ ಎದುರುಮನೆಯಲ್ಲಿ ಅಳುವಿನ ದನಿ ಎದ್ದಿತು. ಆ ಮನೆಯ ಅಜ್ಜ ತೀರಿಕೊಂಡಿದ್ದರು. ನಾವು ಆ ಊರಿಗೆ ಹೊಸಬರಾಗಿ ಬಂದಾಗ ಬಾಡಿಗೆ ಮನೆ ಕೊಡಿಸಿದವರು, ತಮ್ಮನಿಗೆ ಜ್ವರ ಬಂದ ರಾತ್ರಿ ವೈದ್ಯರನ್ನು ಎಬ್ಬಿಸಿ ತಂದವರು ಅವರೇ.

ತಂದೆಯವರು ಚಪ್ಪಲಿ ಬಿಟ್ಟು, "ನೀವು ಮೂವರೂ ಹೋಗಿ ಬರ್ರಿ. ನಾನು ಮಣ್ಣಿಗೆ ಹೋಗಬೇಕು" ಎಂದರು. ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಅವರಿಗೆ ಪೂಜೆ ಎಂಥದೆಂಬುದನ್ನು ನಾನು ಬಲ್ಲೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಸ್ಸಿನ ಕಂಬಿ ಹಿಡಿದು ನಿಂತು ಹೋದವರು ಅವರು. ಕಡೆಗೆ ಅವರು ಹೇಳಿದ್ದಿಷ್ಟು: "ತೊಬೀತ ಹಬ್ಬದ ಊಟ ಬಿಟ್ಟು ಎದ್ದು ಹೋದದ್ದು ಸತ್ತವನ ಸಲುವಾಗೇ ಅಲ್ಲೇನು? ಹೋದ್ರ ನಾಲ್ವರೂ ಹೋಗೋಣು, ಉಳಿದ್ರ ನಾಲ್ವರೂ ಉಳಿಯೋಣು." ತೊಬೀತನ ಗ್ರಂಥವು ನಮ್ಮ ಬೈಬಲಿನಲ್ಲಿದೆ. ಹಬ್ಬದ ದಿನ ಎಡೆಯ ಮುಂದೆ ಕುಳಿತವನು, ಬೀದಿಯಲ್ಲೊಂದು ಹೆಣ ಬಿದ್ದಿದೆಯೆಂದು ಕೇಳಿ ತುತ್ತು ಮುಟ್ಟದೆ ಎದ್ದವನ ಕಥೆ ಅದು. ಮೃತರನ್ನು ಮಣ್ಣುಮಾಡುವುದು ಧರ್ಮಸಭೆ ಎಣಿಸುವ ಏಳು ದಯಾಕಾರ್ಯಗಳಲ್ಲಿ ಒಂದು.

ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ತಮ್ಮನು ಅತ್ತನು. ತಾಯಿಯವರು ಆ ಮನೆಯ ಹೆಣ್ಣುಮಕ್ಕಳ ಜೊತೆ ಕುಳಿತರು. ನಾನು ಕೊಡದಲ್ಲಿ ನೀರು ಹೊತ್ತೆ. ತಂದೆಯವರು ಹೆಗಲು ಕೊಟ್ಟರು. ಸಂಜೆ ಸ್ನಾನ ಮಾಡಿ ದೀಪ ಹಚ್ಚಿ, ಬರಿದಾದ ಸಮಾಧಿಯ ಶುಭಸಂದೇಶವನ್ನು ತಂದೆಯವರು ಓದಿದರು. ಅಂದು ಮಣ್ಣು ಮುಟ್ಟಿ ಬಂದಿದ್ದ ಕೈಯಲ್ಲಿ ಆ ಗ್ರಂಥವಿತ್ತು. ಸಮಾಧಿಯ ಬಾಗಿಲಿಂದ ಕಲ್ಲು ಉರುಳಿತ್ತೆಂಬ ಮಾತು ನನಗೆ ಎಂದೂ ಅಷ್ಟು ಸಮೀಪದಿಂದ ಕೇಳಿರಲಿಲ್ಲ.

ಮುಂದಿನ ರವಿವಾರ ನಸುಕಿನಲ್ಲಿ ಅಜ್ಜನ ಹಿರಿಯ ಮಗ ತನ್ನ ಜೀಪನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದನು. "ಹೋದ ವಾರ ನಮ್ಮಿಂದ ನಿಮ್ಮ ಪೂಜಾ ತಪ್ಪಿತು" ಎಂದಷ್ಟೇ ಹೇಳಿದನು. ವಿಜಯಪುರದಲ್ಲಿ ಪೂಜೆ ಮುಗಿಯುವವರೆಗೆ ಹೊರಗೆ ಬೇವಿನ ನೆರಳಿನಲ್ಲಿ ಕುಳಿತಿದ್ದನು.

ಎಲ್ಲ ಕರೆಗೂ ಪೂಜೆಯನ್ನು ಬಿಡಬಹುದೆಂದು ಇದರಿಂದ ಅರ್ಥವಾಗದು. ನಮ್ಮ ಮನೆಯಲ್ಲಿ ಒಂದು ಅಳತೆಯಿದೆ. ನಾಳೆಗೆ ಕಾಯಬಲ್ಲ ಕೆಲಸ ನಾಳೆಗೆ ಕಾಯಲಿ. ಮದುವೆಗೆ ಮುನ್ನಾದಿನ ಅರಿಷಿಣಕ್ಕೆ ಹೋಗಿ ಕೈಗೂಡಿಸಿ ಬಂದರೆ ಬೀಗರು ಮುನಿಯುವುದಿಲ್ಲ. ಬರಿಯ ಮೋಜಿನ ಕೂಟಕ್ಕೆ ನಮ್ಮ ರವಿವಾರ ಮಾರಾಟಕ್ಕಿಲ್ಲ. ಆದರೆ ರೋಗಿಯ ಪಾಳಿ, ಹೆರಿಗೆಯ ನೋವು, ನೆರೆಮನೆಯ ಸಾವು, ಇವು ಕಾಯುವುದಿಲ್ಲ, ದೇವರು ಕಾಯುತ್ತಾನೆ. ಪೂಜೆ ತಪ್ಪಿದ ದಿನ ಸಂಜೆಯ ಜಪಸರ ಮಾತ್ರ ತಪ್ಪಬಾರದು, ಮತ್ತು ಅದಕ್ಕೆ ನಾಲ್ವರೂ ಕೂಡಬೇಕು.

ಬಾಗೇವಾಡಿಯ ಗೆಳೆಯನೊಬ್ಬನು ಒಮ್ಮೆ ನನ್ನನ್ನು ಕೇಳಿದನು: "ಬಸವಣ್ಣ ಹುಟ್ಟಿದ ಊರಾಗ ಇದ್ದೀ. ಕಾಯಕನ ಪೂಜಾ ಅಂದಮ್ಯಾಲೆ, ಕಾಯಕ ನಿಲ್ಲಿಸಿ ಪೂಜಾಕ್ಕ ಯಾಕ ಹೋಗ್ತಿ?" ಒಳ್ಳೆಯ ಪ್ರಶ್ನೆ. ನನಗೆ ತೋರಿದ ಉತ್ತರವಿದು: ಆರು ದಿನದ ಕಾಯಕ ಯಾರಿಗಾಗಿ ಎಂಬುದನ್ನು ಏಳನೆಯ ದಿನ ಕೂಡಿ ನೆನೆಯದಿದ್ದರೆ, ಕಾಯಕವು ಮೆಲ್ಲನೆ ಬರಿಯ ಸಂಬಳವಾಗುತ್ತದೆ. ಕುಟುಂಬವೂ ಹಾಗೆಯೇ, ಒಂದೇ ಸೂರಿನ ಕೆಳಗಿದ್ದರೂ ಒಂದೇ ಕಡೆಗೆ ಮುಖಮಾಡಿ ಕುಳಿತುಕೊಳ್ಳದಿದ್ದರೆ ಅದು ಛತ್ರವಾಗುತ್ತದೆ. ಗೆಳೆಯನು ಒಪ್ಪಿದನೋ ಬಿಟ್ಟನೋ ಹೇಳಲಾರೆ. ಆದರೆ ಅಂದಿನಿಂದ ಆಟದ ಪಂದ್ಯವನ್ನು ರವಿವಾರ ಮಧ್ಯಾಹ್ನ ಮೂರು ಗಂಟೆಗೆ ಇಡುತ್ತಾನೆ. ನಮ್ಮ ಬಸ್ಸು ಬರುವುದು ಎರಡೂವರೆಗೆ.